ದಾವಣಗೆರೆಯ ಒಂದು ಹಚ್ಚೆ ಕಲಿಕಾ ಕೇಂದ್ರ: ಪರವಾನಗಿ ಮತ್ತು ತಪಾಸಣೆಯ ಪ್ರಕರಣ ಅಧ್ಯಯನ

2025ರ ಜೂನ್ ತಿಂಗಳಲ್ಲಿ ದಾವಣಗೆರೆಯ ವಿದ್ಯಾನಗರದ ಕಡೆಯಿಂದ ಯುವತಿಯೊಬ್ಬರು ತಮ್ಮ ಅಣ್ಣನೊಂದಿಗೆ ನನ್ನ ಕಚೇರಿಗೆ ಬಂದರು. ಸಣ್ಣ ಉದ್ದಿಮೆಗಳಿಗೆ ಪರವಾನಗಿ, ನೋಂದಣಿ, ತೆರಿಗೆಯ ಕಾಗದಪತ್ರ ಮಾಡಿಕೊಡುವುದು ನನ್ನ ಕೆಲಸ. ಆ ಯುವತಿ ಬೆಂಗಳೂರಿನ ಟ್ಯಾಟೂ (ಹಚ್ಚೆ) ಸ್ಟುಡಿಯೊಗಳಲ್ಲಿ ಆರು ವರ್ಷ ದುಡಿದು ಊರಿಗೆ ಮರಳಿದ್ದರು. ಮೊದಲ ಮಹಡಿಯ ಮೂರು ಕೋಣೆಗಳನ್ನು ಬಾಡಿಗೆಗೆ ಹಿಡಿದು, ಒಂದರಲ್ಲಿ ತಾವೇ ಹಚ್ಚೆ ಹಾಕುವುದು, ಉಳಿದೆರಡರಲ್ಲಿ ಎಂಟು ಮಂದಿಗೆ ಹಚ್ಚೆ ಮತ್ತು ದೇಹದ ಚುಚ್ಚುವಿಕೆಯನ್ನು ಕಲಿಸುವುದು ಅವರ ಯೋಜನೆಯಾಗಿತ್ತು. ಮುಂಗಡ ಕೊಟ್ಟಾಗಿತ್ತು, ಬೋರ್ಡಿನ ವಿನ್ಯಾಸವೂ ಸಿದ್ಧವಾಗಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸರ, ಹಚ್ಚೆ ಶಾಲೆಗೆ ಯಾವ ಲೈಸೆನ್ಸ್ ಬೇಕು?"

ಆ ಹೆಸರಿನ ಲೈಸೆನ್ಸ್ ನಮ್ಮಲ್ಲಿ ಇಲ್ಲ. ಹಚ್ಚೆ ಹಾಕುವವರಿಗಾಗಲಿ, ಅದನ್ನು ಕಲಿಸುವವರಿಗಾಗಲಿ ಅನ್ವಯಿಸುವ ಪ್ರತ್ಯೇಕ ಕೇಂದ್ರ ಕಾನೂನು ಬಂದಿಲ್ಲ. 2025ರ ಆರಂಭದಲ್ಲಿ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಹಚ್ಚೆಯ ಇಂಕಿನ ಮಾದರಿಗಳಲ್ಲಿ 22 ಲೋಹಗಳು ಕಂಡುಬಂದಿವೆಯೆಂದೂ ಇಂಕಿಗೆ ಗುಣಮಟ್ಟ ನಿಗದಿಪಡಿಸುವಂತೆ ಕೇಂದ್ರಕ್ಕೆ ಬರೆಯುವುದಾಗಿಯೂ ಹೇಳಿದ್ದರು. ಅರ್ಜಿದಾರರಾದ ಆ ಯುವತಿ ಆ ಸುದ್ದಿಯನ್ನು ಓದಿದ್ದರು, ಮತ್ತು ಪ್ರತ್ಯೇಕ ಕಾನೂನು ಬರುವ ಮೊದಲೇ ಬಾಗಿಲು ತೆರೆದುಬಿಟ್ಟರೆ ಯಾರೂ ಕೇಳಲಾರರು ಎಂಬುದು ಅವರ ಅಣ್ಣನ ಎಣಿಕೆಯಾಗಿತ್ತು. ಈ ಎಣಿಕೆಯೇ ಇಡೀ ಪ್ರಕರಣದ ಮೂಲ ತಪ್ಪು ಎಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಪ್ರತ್ಯೇಕ ಕಾನೂನಿಲ್ಲದ ಕಸುಬಿಗೆ ಸಾಮಾನ್ಯ ಕಾನೂನುಗಳೆಲ್ಲವೂ ಅನ್ವಯಿಸುತ್ತವೆ; ಅವು ಬೇರೆ ಬೇರೆ ಕಚೇರಿಗಳಲ್ಲಿ ಹರಡಿಕೊಂಡಿರುವುದರಿಂದ ಹುಡುಕಿ ಜೋಡಿಸುವ ಹೊಣೆ ಶಾಲೆ ತೆರೆಯುವವರ ಮೇಲೆ ಬೀಳುತ್ತದೆ.

ಕಾಗದದ ದಾರಿ

ದಾವಣಗೆರೆ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿರುವ ಜಾಗವಾದ್ದರಿಂದ ಮೊದಲನೆಯದು ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976ರ 353ನೇ ಕಲಮಿನ ಅಡಿಯ ಉದ್ದಿಮೆ ಪರವಾನಗಿ. (ಇದೇ ಕೇಂದ್ರ ಚಿತ್ರದುರ್ಗದಲ್ಲಿದ್ದಿದ್ದರೆ ಅಲ್ಲಿರುವುದು ನಗರಸಭೆಯಾದ್ದರಿಂದ ಅರ್ಜಿ ಪುರಸಭೆಗಳ 1964ರ ಕಾಯ್ದೆಯ ಅಡಿಯಲ್ಲಿ ಹೋಗುತ್ತಿತ್ತು.) ಬಾಡಿಗೆ ಕರಾರು, ಕಟ್ಟಡದ ಕಂದಾಯ ಕಟ್ಟಿದ ರಸೀದಿ, ಮಾಲೀಕರ ಒಪ್ಪಿಗೆ ಪತ್ರ, ಗುರುತಿನ ಚೀಟಿ, ಇವಿಷ್ಟನ್ನು ಹೊಂದಿಸುವುದು ಕಷ್ಟವಾಗಲಿಲ್ಲ. ಕಷ್ಟ ಬಂದದ್ದು ಉದ್ದಿಮೆಯ ವಿವರಣೆಯಲ್ಲಿ. ಅಣ್ಣನವರು ಯಾರದೋ ಸಲಹೆಯಂತೆ "ಬ್ಯೂಟಿ ಪಾರ್ಲರ್" ಎಂದು ಬರೆಸಿಕೊಂಡು ಬಂದಿದ್ದರು. ಹಾಗೆ ಬರೆದರೆ ಬೇಗ ಸಿಗುತ್ತದೆ ಎನ್ನುವುದು ನಿಜವಿರಬಹುದು. ಆದರೆ ಮುಂದೊಂದು ದಿನ ಯಾರಿಗಾದರೂ ಸೋಂಕಾಗಿ ದೂರು ದಾಖಲಾದರೆ, ಪರವಾನಗಿಯಲ್ಲಿ ಇಲ್ಲದ ಕೆಲಸವನ್ನು ನಡೆಸುತ್ತಿದ್ದರು ಎಂಬ ಒಂದೇ ವಾಕ್ಯ ಅವರ ಉಳಿದೆಲ್ಲ ಎಚ್ಚರಿಕೆಯನ್ನೂ ನೀರಿನಲ್ಲಿ ಹೋಮ ಮಾಡಿದಂತೆ ಮಾಡಿಬಿಡುತ್ತದೆ. ಆದ್ದರಿಂದ ಅರ್ಜಿಯನ್ನು ಹರಿದು "ಹಚ್ಚೆ ಹಾಕುವ ಹಾಗೂ ದೇಹ ಚುಚ್ಚುವ ಸ್ಟುಡಿಯೊ ಮತ್ತು ಅದರ ತರಬೇತಿ ಕೇಂದ್ರ" ಎಂದು ಬಿಡಿಸಿ ಬರೆದು, ಯಾವ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬ ನಕ್ಷೆಯನ್ನೂ ಲಗತ್ತಿಸಿದೆವು.

ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ನೋಂದಣಿಯನ್ನು ಕೆಲಸ ಆರಂಭಿಸಿದ 30 ದಿನಗಳೊಳಗೆ ಮಾಡಿಸಬೇಕು, ಅದನ್ನು ಮಾಡಿಸಿದೆವು. ವೃತ್ತಿ ತೆರಿಗೆಗೆ ಹೆಸರು ನೋಂದಾಯಿಸಿದೆವು. ಸೇವೆ ಒದಗಿಸುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು, ಕೇಂದ್ರ ಆ ಮಟ್ಟ ಮುಟ್ಟುವುದು ದೂರವಿತ್ತು. ಮನೆಬಳಕೆಯ ವಿದ್ಯುತ್ ಸಂಪರ್ಕವನ್ನು ಬೆಸ್ಕಾಂನಲ್ಲಿ ವಾಣಿಜ್ಯ ಸಂಪರ್ಕಕ್ಕೆ ಬದಲಾಯಿಸಲಾಯಿತು. ಉಪಕರಣಗಳನ್ನು ಒತ್ತಡದ ಹಬೆಯಲ್ಲಿ ಬೇಯಿಸಿ ಸೂಕ್ಷ್ಮಾಣು ಕೊಲ್ಲುವ ಆಟೋಕ್ಲೇವ್ ಯಂತ್ರ ಎಳೆಯುವ ಕರೆಂಟನ್ನು ನೋಡಿದರೆ ಸುರಕ್ಷತೆಗಾಗಿಯೂ ಅದು ಬೇಕಾಗಿತ್ತು.

"ಶಾಲೆ" ಎಂಬ ಪದದ ಬಗ್ಗೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಬೋರ್ಡಿನ ವಿನ್ಯಾಸದಲ್ಲಿ "ಸರ್ಕಾರಿ ಮಾನ್ಯತೆ ಪಡೆದ" ಎಂಬ ಸಾಲು ಇತ್ತು. ಪಾಲಿಕೆಯ ಪರವಾನಗಿ ದೊರೆತರೆ ಅದು ಮಾನ್ಯತೆಯೇ ತಾನೆ ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. ಉದ್ದಿಮೆ ಪರವಾನಗಿ ಆ ಜಾಗದಲ್ಲಿ ಆ ವ್ಯಾಪಾರ ನಡೆಸಲು ಕೊಡುವ ಅನುಮತಿ. ಕಲಿಸುವ ಪಾಠಕ್ಕೂ ಕೊಡುವ ಪ್ರಮಾಣಪತ್ರಕ್ಕೂ ಅದು ಯಾವ ಬೆಲೆಯನ್ನೂ ತಂದುಕೊಡುವುದಿಲ್ಲ. ಕೌಶಲ ಪ್ರಮಾಣಪತ್ರಕ್ಕೆ ಸರ್ಕಾರಿ ಮಾನ್ಯತೆ ಇರಬೇಕಾದರೆ ಅದು ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಪರಿಷತ್ತು ಗುರುತಿಸಿದ ಸಂಸ್ಥೆಯ ಮೂಲಕವೇ ಬರಬೇಕು. ಇಲ್ಲದ ಮಾನ್ಯತೆಯನ್ನು ಬೋರ್ಡಿನಲ್ಲಿ ಬರೆಯುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತು. ಹರಿಹರ, ಚನ್ನಗಿರಿ, ಜಗಳೂರಿನಿಂದ ಸಾಲ ಮಾಡಿ ಫೀಸು ಕಟ್ಟಲು ಬರುವ ಹುಡುಗರು ಆ ಒಂದು ಸಾಲನ್ನು ನಂಬಿ ಬರುತ್ತಾರೆ. ಸಾಲನ್ನು ತೆಗೆಸಿ, ಪ್ರವೇಶ ಅರ್ಜಿಯ ಮೊದಲ ಪುಟದಲ್ಲೇ "ಇದು ಖಾಸಗಿ ತರಬೇತಿ, ಇಲ್ಲಿ ಕೊಡುವ ಪ್ರಮಾಣಪತ್ರ ಈ ಕೇಂದ್ರದ್ದು ಮಾತ್ರ" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದೆವು. ಹಾಗೆ ಅಚ್ಚು ಹಾಕಿಸಿದ್ದಕ್ಕೆ ಇಬ್ಬರು ಹಿಂದೆ ಸರಿದರು. ಆರು ಮಂದಿ ಉಳಿದರು.

ನೀಲಿ ಬೆಳಕಿನ ಪೆಟ್ಟಿಗೆ

ಆರೋಗ್ಯ ನಿರೀಕ್ಷಕರು ಸ್ಥಳ ತಪಾಸಣೆಗೆ ಬಂದ ದಿನ ನಾನೂ ಅಲ್ಲಿದ್ದೆ. ಅವರು ಗಾಳಿ ಬೆಳಕು ನೋಡಿದರು, ಚರಂಡಿಗೆ ನೀರು ಹೋಗುವ ಪೈಪು ನೋಡಿದರು, ಬೆಂಕಿ ನಂದಿಸುವ ಸಿಲಿಂಡರಿನ ಮೇಲಿನ ದಿನಾಂಕ ಓದಿದರು. ಕೈತೊಳೆಯುವ ಸಿಂಕು ಶೌಚಾಲಯದ ಒಳಗಿತ್ತು. ಹಚ್ಚೆ ಹಾಕುವ ಕೋಣೆಯಲ್ಲೇ ಒಂದು ಸಿಂಕು ಬೇಕು, ಅದರ ನಲ್ಲಿಯನ್ನು ಮೊಣಕೈಯಿಂದ ತಿರುಗಿಸುವಂತಿರಬೇಕು ಎಂದರು. ಅದು ಯಾವ ಕಾಯ್ದೆಯ ಯಾವ ಕಲಮಿನಲ್ಲೂ ಬರೆದ ಮಾತಾಗಿರಲಿಲ್ಲ, ಆಸ್ಪತ್ರೆಗಳನ್ನು ನೋಡಿದ ಅನುಭವದಿಂದ ಬಂದ ಮಾತು. ನೆಲದ ಮೇಲೆ ಹಾಸಿದ್ದ ಕೆಂಪು ಕಾರ್ಪೆಟನ್ನು ಕಾಲಿನಿಂದ ತೋರಿಸಿ ತೆಗೆಯಲು ಹೇಳಿದರು, ಏಕೆಂದರೆ ರಕ್ತದ ಹನಿ ಬಿದ್ದರೆ ಒರೆಸಲು ಬರುವುದು ಟೈಲ್ಸ್ ಮಾತ್ರ.

ಬಳಿಕ ಅವರ ಕಣ್ಣು ಮೇಜಿನ ಮೇಲಿದ್ದ ನೀಲಿ ಬೆಳಕಿನ ಪೆಟ್ಟಿಗೆಯ ಮೇಲೆ ಬಿತ್ತು. ಕಟಿಂಗ್ ಶಾಪುಗಳಲ್ಲಿ ಬಾಚಣಿಗೆ, ಕತ್ತರಿ ಇಡುವಂಥದ್ದೇ ಯುವಿ (ಅತಿನೇರಳೆ ಬೆಳಕಿನ) ಪೆಟ್ಟಿಗೆ. ಒಳಗೆ ಸ್ಟೀಲಿನ ಗ್ರಿಪ್ಪುಗಳು (ಹಚ್ಚೆ ಮಷಿನ್ನಿನ ಹಿಡಿಕೆಯ ಕೊಳವೆಗಳು) ಮತ್ತು ಚುಚ್ಚುವಾಗ ಚರ್ಮ ಹಿಡಿಯುವ ಚಿಮ್ಮಟಗಳು ಸಾಲಾಗಿ ಮಲಗಿದ್ದವು. "ಇದರಾಗ ಇಟ್ರೆ ಸ್ವಚ್ಛ ಆಗ್ತದೇನಮ್ಮ?" ಎಂದು ಕೇಳಿದರು. ಆಗುತ್ತದೆ ಎಂದೇ ಅರ್ಜಿದಾರರು ಉತ್ತರಿಸಿದರು. ಅವರು ಕಲಿತ ಸ್ಟುಡಿಯೊಗಳಲ್ಲಿ ಹಾಗೆಯೇ ನಡೆದಿತ್ತು. ನಿರೀಕ್ಷಕರು ಒಂದು ಗ್ರಿಪ್ಪನ್ನು ತೆಗೆದು ಬೆಳಕಿಗೆ ಹಿಡಿದು ತಿರುಗಿಸಿದಾಗ ಕೊಳವೆಯ ಒಳಗೋಡೆಗೆ ಕಪ್ಪು ಇಂಕು ಒಣಗಿ ಹಿಡಿದಿರುವುದು ಮೂವರಿಗೂ ಕಾಣಿಸಿತು. ಬೆಳಕು ತಾನು ಬೀಳುವ ಮೇಲ್ಮೈಯನ್ನಷ್ಟೇ ಮುಟ್ಟಬಲ್ಲದು; ಕೊಳವೆಯ ಒಳಗೆ, ಚಿಮ್ಮಟದ ಕೀಲಿನ ಸಂದಿಯಲ್ಲಿ, ಒಣಗಿದ ಇಂಕಿನ ಅಡಿಯಲ್ಲಿ ಅದು ಹೋಗುವುದಿಲ್ಲ. ಹೆಪಟೈಟಿಸ್ ಬಿ ವೈರಸ್ಸು ದೇಹದ ಹೊರಗೆ ಒಣ ಮೇಲ್ಮೈಯ ಮೇಲೆ ಕನಿಷ್ಠ 7 ದಿನ ಜೀವಂತವಿರಬಲ್ಲದು ಎಂಬುದನ್ನು ಇಟ್ಟುಕೊಂಡು ನೋಡಿದರೆ ಆ ಪೆಟ್ಟಿಗೆ ಕೊಡುತ್ತಿದ್ದದ್ದು ಸುಳ್ಳು ಧೈರ್ಯವಷ್ಟೇ.

ಅಲ್ಲಿಂದ ಮುಂದಿನ ಒಂದೂವರೆ ತಿಂಗಳು ನಮ್ಮ ಕೆಲಸವೆಲ್ಲ ಆಟೋಕ್ಲೇವಿನ ಸುತ್ತಲೇ ನಡೆಯಿತು. ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್, ಚದರ ಅಂಗುಲಕ್ಕೆ 15 ಪೌಂಡ್ ಒತ್ತಡ, ಚೀಲದಲ್ಲಿ ಕಟ್ಟಿದ ಉಪಕರಣಗಳಿಗೆ 30 ನಿಮಿಷ. ಇದು ದಂತವೈದ್ಯರ ಕ್ಲಿನಿಕ್ಕುಗಳಲ್ಲಿ ದಿನನಿತ್ಯ ನಡೆಯುವ ಕ್ರಮ. ಆಟೋಕ್ಲೇವಿಗೆ ಹಾಕುವ ಮೊದಲು ಉಪಕರಣವನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯದಿದ್ದರೆ ಹಬೆಯೂ ಕೆಲಸ ಮಾಡದು. ಚೀಲದ ಮೇಲಿನ ಪಟ್ಟಿ ಬಣ್ಣ ಬದಲಿಸಿದರೆ ಯಂತ್ರ ಬಿಸಿಯಾಯಿತು ಎಂದಷ್ಟೇ ಅರ್ಥ. ಸೂಕ್ಷ್ಮಾಣು ಸತ್ತಿತೇ ಎಂದು ತಿಳಿಯಲು ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಎಂಬ, ಶಾಖಕ್ಕೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾದ ಬೀಜಕಗಳಿರುವ (ಸ್ಪೋರ್‌ಗಳಿರುವ) ಪರೀಕ್ಷಾ ನಳಿಕೆಯನ್ನು ಉಪಕರಣಗಳ ಜೊತೆಯಲ್ಲೇ ಬೇಯಿಸಿ, ಅನಂತರ ಬೆಚ್ಚಗಿಟ್ಟು, ಏನೂ ಬೆಳೆಯಲಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳಬೇಕು. ವಾರಕ್ಕೊಮ್ಮೆ ಈ ಪರೀಕ್ಷೆ ಮಾಡಿ ದಿನಾಂಕ, ಸಹಿ ಸಹಿತ ಪುಸ್ತಕದಲ್ಲಿ ಬರೆಯುವುದೆಂದು ತೀರ್ಮಾನಿಸಿದೆವು. ಮಷಿನ್ನಿಗೆ ಸಿಕ್ಕಿಸುವ ಸೂಜಿಯ ಕಾರ್ಟ್ರಿಜ್‌ಗಳನ್ನು ಮಾತ್ರ ಬೇಯಿಸುವ ಪ್ರಶ್ನೆಯೇ ಇಲ್ಲ: ಒಬ್ಬರಿಗೆ ಒಂದು, ಮುಗಿದ ಮೇಲೆ ಡಬ್ಬಿಗೆ. ಕಿವಿ ಚುಚ್ಚುವ ಗನ್ನನ್ನು ಪೂರ್ತಿ ಕೈಬಿಟ್ಟೆವು, ಏಕೆಂದರೆ ಅದರ ಪ್ಲಾಸ್ಟಿಕ್ ಮೈ ಆಟೋಕ್ಲೇವಿನ ಶಾಖ ತಾಳುವುದಿಲ್ಲ.

ಇಂಕಿನ ವಿಷಯದಲ್ಲಿಯೂ ಅರ್ಜಿದಾರರ ಹಳೆಯ ರೂಢಿಯೊಂದನ್ನು ಬಿಡಿಸಬೇಕಾಯಿತು. ನೆರಳು ತುಂಬಲು ಕಪ್ಪು ಇಂಕನ್ನು ತೆಳುವಾಗಿಸುವಾಗ ಕುಡಿಯುವ ನೀರಿನ ಬಾಟಲಿಯಿಂದ ನೀರು ಬೆರೆಸುವುದು ಅವರ ಅಭ್ಯಾಸವಾಗಿತ್ತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ, ಮೊದಲೇ ತೆಳುವಾಗಿಸಿ ಮಾರಿದ ಬೂದು ಇಂಕಿನಿಂದ 19 ಮಂದಿಗೆ ಮೈಕೊಬ್ಯಾಕ್ಟೀರಿಯಂ ಜಾತಿಯ ಚರ್ಮದ ಸೋಂಕು ತಗುಲಿದ್ದು 2012ರಲ್ಲಿ ವರದಿಯಾಗಿತ್ತು. ಅಲ್ಲಿ ಸೂಜಿ, ಕೈಗವಸು ಎಲ್ಲವೂ ಸರಿಯಿದ್ದರೂ ಇಂಕೇ ಕೆಟ್ಟಿತ್ತು. ಈ ಪ್ರಕರಣವನ್ನು ವಿವರಿಸಿದ ಮೇಲೆ ಇಂಜೆಕ್ಷನ್ನಿಗೆ ಬಳಸುವ ಸ್ಟೆರೈಲ್ ನೀರಿನ ಸಣ್ಣ ಆಂಪೂಲುಗಳನ್ನಷ್ಟೇ ಬಳಸಲು ಒಪ್ಪಿದರು. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಇಂಕಿನಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ನಮ್ಮಲ್ಲಿ ಅಂಥ ಮಾನದಂಡ ಬರುವವರೆಗೆ ಆ ನಿಯಮಕ್ಕೆ ಹೊಂದುವುದೆಂದು ಲೇಬಲ್ಲಿನಲ್ಲಿ ಬರೆದ, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವಿರುವ ಬಾಟಲಿಯನ್ನೇ ಕೊಳ್ಳುವುದು, ಯಾರ ಮೈಮೇಲೆ ಯಾವ ಬ್ಯಾಚಿನ ಇಂಕು ಹೋಯಿತೆಂದು ಬರೆದಿಡುವುದು ನಮಗಿದ್ದ ದಾರಿ.

ಬಳಸಿದ ಸೂಜಿ ಎಲ್ಲಿಗೆ ಹೋಗಬೇಕು

ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ಸೂಜಿಯಂಥ ಚೂಪಾದ ವಸ್ತುಗಳು ಚುಚ್ಚಿದರೂ ತೂತಾಗದ, ಸೋರದ ಬಿಳಿ ಡಬ್ಬಿಯಲ್ಲಿ ಬೀಳಬೇಕು. ರಕ್ತ ತಾಗಿದ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ ಹೋಗಬೇಕು, ಮತ್ತು ಅಂಥ ಹಳದಿ ಚೀಲವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಆದರೆ ಆ ನಿಯಮಗಳು ಜೀವವೈದ್ಯಕೀಯ ತ್ಯಾಜ್ಯವೆಂದರೆ ರೋಗನಿರ್ಣಯ, ಚಿಕಿತ್ಸೆ, ಲಸಿಕೆ, ಸಂಶೋಧನೆ ಮುಂತಾದವುಗಳಿಂದ ಹುಟ್ಟುವ ತ್ಯಾಜ್ಯ ಎಂದು ಅರ್ಥ ಹೇಳುತ್ತವೆ. ಹಚ್ಚೆ ಹಾಕುವುದು ಇವುಗಳಲ್ಲಿ ಯಾವುದೂ ಅಲ್ಲ. ಹಾಗೆಂದು ರಕ್ತ ಮೆತ್ತಿದ ಸೂಜಿಯನ್ನು ಬೆಳಿಗ್ಗೆ ಬರುವ ಕಸದ ಗಾಡಿಗೆ ಹಾಕಿದರೆ, ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಅದು ಚುಚ್ಚಿದಾಗ ನಿಯಮದ ಅರ್ಥವ್ಯಾಖ್ಯೆ ಅವರನ್ನು ಕಾಪಾಡುವುದಿಲ್ಲ. ಈ ಬಿರುಕಿನ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ: ನಿಯಮದ ಪಟ್ಟಿಯಲ್ಲಿ ಹಚ್ಚೆ ಮತ್ತು ಚುಚ್ಚುವಿಕೆಯ ಕೇಂದ್ರಗಳ ಹೆಸರು ಸೇರಲೇಬೇಕು. ಅದು ಸೇರುವವರೆಗೆ ಕಾಯದೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ವಿವರವಾದ ಪತ್ರ ಬರೆದು, ಆಸ್ಪತ್ರೆಗಳ ತ್ಯಾಜ್ಯ ಒಯ್ಯುವ ಸಾಮೂಹಿಕ ಸಂಸ್ಕರಣಾ ಘಟಕದೊಂದಿಗೆ ಅರ್ಜಿದಾರರು ಒಪ್ಪಂದ ಮಾಡಿಕೊಂಡರು. ಒಬ್ಬ ಪರಿಚಯದ ವೈದ್ಯರ ಕ್ಲಿನಿಕ್ಕಿನ ಡಬ್ಬಿಯಲ್ಲೇ ಹಾಕಿಬಿಡುವ ಸುಲಭದ ದಾರಿಯೂ ಮುಂದಿತ್ತು. ಅದರಿಂದ ಆ ವೈದ್ಯರ ಲೆಕ್ಕ ತಪ್ಪುತ್ತದೆ, ಸೂಜಿ ಯಾರದೆಂಬ ಗುರುತೂ ಅಳಿಯುತ್ತದೆ ಎಂದು ಬೇಡವೆಂದೆ.

ಲೇಸರಿನಿಂದ ಹಚ್ಚೆ ಅಳಿಸುವುದನ್ನೂ ಕಲಿಸಬೇಕೆಂಬ ಆಸೆ ಅವರಿಗಿತ್ತು. ಅದು ವೈದ್ಯಕೀಯ ಚಿಕಿತ್ಸೆ; ಚರ್ಮವೈದ್ಯರು, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ನೋಂದಣಿ, ಎರಡೂ ಇಲ್ಲದೆ ಮುಟ್ಟುವಂತಿಲ್ಲ. ಪಾಠಪಟ್ಟಿಯಿಂದ ತೆಗೆದೆವು.

ಕಲಿಯುವ ಕೈ, ಕೊಡುವ ಚರ್ಮ

ಸ್ಟುಡಿಯೊಗೂ ಶಾಲೆಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ, ಮತ್ತು ನಾವು ಪಡೆದ ಯಾವ ಕಾಗದವೂ ಇದನ್ನು ಮುಟ್ಟುವುದಿಲ್ಲ. ಶಾಲೆಯಲ್ಲಿ ಮೊದಲ ಬಾರಿ ಸೂಜಿ ಹಿಡಿದವರು ಇನ್ನೊಬ್ಬರ ಚರ್ಮದ ಮೇಲೆ ಅಳಿಸಲಾಗದ ಗೆರೆ ಎಳೆಯುತ್ತಾರೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಹಚ್ಚೆಯ ತರಬೇತಿಗೆ 360 ಗಂಟೆಗಳನ್ನು ನಿಗದಿ ಮಾಡಿದ್ದಾರೆ; ಅದರಲ್ಲಿ 210 ಗಂಟೆ ಪಾಠ, 150 ಗಂಟೆ ಪ್ರಾಯೋಗಿಕ, ಮೇಲ್ವಿಚಾರಣೆಯಲ್ಲಿ ಪೂರ್ಣಗೊಳಿಸಿದ 50 ಹಚ್ಚೆಗಳು. ಅರ್ಜಿದಾರರು ಮೊದಲು ಯೋಚಿಸಿದ್ದು 45 ದಿನಗಳ ಕೋರ್ಸು, ಎರಡನೆಯ ವಾರದಿಂದಲೇ ಜನರ ಮೇಲೆ ಅಭ್ಯಾಸ. ಆ ವಿದೇಶಿ ಲೆಕ್ಕ ನಮಗೆ ಬದ್ಧವಲ್ಲದಿದ್ದರೂ ಅದನ್ನು ಮುಂದಿಟ್ಟುಕೊಂಡು ಕೂತಾಗ, ಪಾಠದ ಪಾಲು ಏಕೆ ಅಷ್ಟು ದೊಡ್ಡದು ಎಂಬುದು ಅವರಿಗೇ ಹೊಳೆಯಿತು. ಕೋರ್ಸು ಆರು ತಿಂಗಳಿಗೆ ಏರಿತು. ಮೊದಲ ಮೂರು ತಿಂಗಳು ಸಿಲಿಕೋನಿನ ಪ್ರಾಕ್ಟೀಸ್ ಸ್ಕಿನ್ ಮಾತ್ರ.

ಚರ್ಮ ಕೊಡುವವರು 18 ವರ್ಷ ತುಂಬಿದವರೇ ಆಗಿರಬೇಕು, ತಂದೆ ತಾಯಿ ಸಹಿ ಹಾಕಿದರೂ ಅದಕ್ಕಿಂತ ಚಿಕ್ಕವರು ಬೇಡ ಎಂದು ಬರೆದೆವು. ಸಮ್ಮತಿಯಿಂದಾದ ಗಾಯಕ್ಕೆ ರಕ್ಷಣೆ ಕೊಡುವ ಹಳೆಯ ದಂಡ ಸಂಹಿತೆಯ 87ನೇ ಕಲಮು ಸಮ್ಮತಿ ಕೊಟ್ಟವರಿಗೆ 18 ದಾಟಿರಬೇಕೆಂದು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಮಕ್ಕಳ ಕಿವಿ ಚುಚ್ಚುವುದು ನಮ್ಮಲ್ಲಿ ಶಾಸ್ತ್ರ, ಅಕ್ಕಸಾಲಿಗರ ಅಂಗಡಿಯಲ್ಲಿ ನಡೆಯುವಂಥದ್ದು. ಅದನ್ನು ಕೇಂದ್ರ ಕೈಗೆತ್ತಿಕೊಳ್ಳದಿರುವುದೇ ಒಳ್ಳೆಯದೆಂದು ಒಪ್ಪಿಕೊಂಡರು.

ಒಪ್ಪಿಗೆ ಪತ್ರವನ್ನು ಅಚ್ಚಗನ್ನಡದಲ್ಲಿ ಬರೆಯಲು ಹಠ ಹಿಡಿದೆ. ಬೆಂಗಳೂರಿನಿಂದ ತಂದಿದ್ದ ಇಂಗ್ಲಿಷ್ ನಮೂನೆಯನ್ನು ಓದದೆಯೇ ಎಲ್ಲರೂ ಸಹಿ ಮಾಡುತ್ತಿದ್ದರಂತೆ. ನಮ್ಮ ಪತ್ರದ ಮೊದಲ ಸಾಲು ಹೀಗಿದೆ: "ನನಗೆ ಹಚ್ಚೆ ಹಾಕುವವರು ಇನ್ನೂ ಕಲಿಯುತ್ತಿದ್ದಾರೆ, ಗೆರೆ ಡೊಂಕಾಗಬಹುದು, ಇದು ಅಳಿಯುವುದಿಲ್ಲ ಎಂದು ತಿಳಿದು ಒಪ್ಪಿದ್ದೇನೆ." ಅದರ ಕೆಳಗೆ, ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ ಎಂಬ ಮಾತಿದೆ, ಏಕೆಂದರೆ ಕಾಲೇಜಿನ ರಕ್ತದಾನ ಶಿಬಿರಗಳಿಗೆ ಹೋಗುವ ಹುಡುಗರೇ ಇಲ್ಲಿಗೂ ಬರುತ್ತಾರೆ. ಸೇನೆಗೆ ಸೇರುವ ಯೋಚನೆ ಇದೆಯೇ ಎಂಬ ಪ್ರಶ್ನೆಯೂ ಇದೆ. ಸೇನಾ ಭರ್ತಿಯಲ್ಲಿ ಮೈಮೇಲಿನ ಹಚ್ಚೆಗೆ ಜಾಗದ ನಿರ್ಬಂಧವಿರುವುದು ಎಷ್ಟೋ ಹುಡುಗರಿಗೆ ಮೈದಾನಕ್ಕೆ ಹೋದ ಮೇಲೆಯೇ ತಿಳಿಯುತ್ತದೆ.

ಒಂದು ವಿಷಯದಲ್ಲಿ ಅರ್ಜಿದಾರರ ಎಚ್ಚರಿಕೆಯೇ ಕಾನೂನಿಗೆ ವಿರುದ್ಧವಾಗಿತ್ತು. ಸೇರುವ ವಿದ್ಯಾರ್ಥಿಗಳೆಲ್ಲ ಎಚ್‌ಐವಿ ಪರೀಕ್ಷೆಯ ವರದಿ ತರಬೇಕೆಂದು ಅವರು ಅರ್ಜಿಯಲ್ಲಿ ಹಾಕಿದ್ದರು. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ, 2017ರ ಪ್ರಕಾರ ಶಿಕ್ಷಣಕ್ಕಾಗಲಿ ಉದ್ಯೋಗಕ್ಕಾಗಲಿ ಆ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ. ಎಲ್ಲರ ರಕ್ತವೂ ಸೋಂಕಿನದೇ ಎಂದು ಭಾವಿಸಿ ಕೆಲಸ ಮಾಡುವುದನ್ನು ಕಲಿಸುವ ಶಾಲೆಗೆ ವರದಿಯ ಅಗತ್ಯವೂ ಇಲ್ಲ. ಅದರ ಬದಲು ಹೆಪಟೈಟಿಸ್ ಬಿ ಲಸಿಕೆಯನ್ನು ಕಡ್ಡಾಯ ಮಾಡಿದೆವು: ಮೊದಲ ಡೋಸ್, ಒಂದು ತಿಂಗಳ ಮೇಲೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಎರಡು ಡೋಸ್ ಆಗುವವರೆಗೆ ಸಿಲಿಕೋನನ್ನು ಬಿಟ್ಟು ಬೇರೇನನ್ನೂ ಚುಚ್ಚುವಂತಿಲ್ಲ.

ಪರವಾನಗಿ ಸೆಪ್ಟೆಂಬರಿನಲ್ಲಿ ಕೈಸೇರಿತು, ತರಗತಿ ಅಕ್ಟೋಬರಿನಲ್ಲಿ ಆರಂಭವಾಯಿತು. 2026ರ ಜನವರಿಯ ಕೊನೆಯಲ್ಲಿ, ಜನರ ಮೇಲೆ ಅಭ್ಯಾಸ ಶುರುವಾಗಿ ಮೂರು ವಾರವಾಗಿದ್ದಾಗ, ವಿದ್ಯಾರ್ಥಿಯೊಬ್ಬ ಕೆಲಸ ಮುಗಿಸಿ ಮಷಿನ್ನಿನಿಂದ ಕಾರ್ಟ್ರಿಜ್ ಬಿಚ್ಚುವಾಗ ಸೂಜಿಯ ತುದಿ ಕೈಗವಸನ್ನು ಹಾದು ಎಡಗೈ ತೋರುಬೆರಳಿಗೆ ಚುಚ್ಚಿತು. ಗೋಡೆಯ ಮೇಲೆ ಏನು ಮಾಡಬೇಕೆಂದು ಬರೆದಿತ್ತು: ಹಿಂಡಬಾರದು, ಬಾಯಿಗೆ ಇಟ್ಟುಕೊಳ್ಳಬಾರದು, ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು, ಸಮಯ ಬರೆದು ಆಸ್ಪತ್ರೆಗೆ ಹೊರಡಬೇಕು. ಆದರೂ ಹುಡುಗ ಮೊದಲು ಮಾಡಿದ್ದು ಬೆರಳನ್ನು ಬಾಯಿಗೆ ಇಟ್ಟುಕೊಂಡದ್ದು. ಪಕ್ಕದಲ್ಲಿದ್ದವಳು ಕೈ ಹಿಡಿದು ಸಿಂಕಿಗೆ ಎಳೆದೊಯ್ದಳು. ಆ ಸಿಂಕು ನಿರೀಕ್ಷಕರ ಮಾತಿಗೆ ಅದೇ ಕೋಣೆಯಲ್ಲಿ ಹಾಕಿಸಿದ್ದು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಒಂದು ಗಂಟೆಯೊಳಗೆ ಅವನು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿದ್ದ. ಹಚ್ಚೆ ಹಾಕಿಸಿಕೊಂಡಿದ್ದ ಯುವಕನನ್ನು ರಕ್ತ ಪರೀಕ್ಷೆಗೆ ಒತ್ತಾಯಿಸಲು ಕಾನೂನಿನಲ್ಲಿ ಅವಕಾಶವಿರಲಿಲ್ಲ, ಅವನೇ ಒಪ್ಪಿ ರಕ್ತ ಕೊಟ್ಟ. ವರದಿಗಳಲ್ಲಿ ಸೋಂಕು ಕಾಣಲಿಲ್ಲ, ವಿದ್ಯಾರ್ಥಿಗೆ ಹೆಪಟೈಟಿಸ್ ಬಿ ಲಸಿಕೆಯ ಎರಡು ಡೋಸ್ ಆಗಲೇ ಆಗಿತ್ತು. ಒಂದು ಸೂಜಿ ಚುಚ್ಚಿದರೆ ಎಚ್‌ಐವಿ ಹರಡುವ ಸಾಧ್ಯತೆ ಸುಮಾರು 0.3 ಪ್ರತಿಶತ, ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಹರಡುವ ಸಾಧ್ಯತೆ 6ರಿಂದ 30 ಪ್ರತಿಶತ. ಲಸಿಕೆಗಾಗಿ ಪ್ರವೇಶದ ಸಮಯದಲ್ಲಿ ನಾವು ಮಾಡಿದ ವಾದವನ್ನು ಈ ಎರಡು ಸಂಖ್ಯೆಗಳು ಸಮರ್ಥಿಸುತ್ತವೆ.

ಆ ಘಟನೆಯ ಮೇಲೆ, ಕಾರ್ಟ್ರಿಜ್ಜನ್ನು ಮಷಿನ್ ಆಫ್ ಮಾಡಿ, ಸೂಜಿ ಒಳಗೆ ಸರಿದಿದೆಯೆಂದು ನೋಡಿ, ಡಬ್ಬಿಯ ಬಾಯಿಯ ಮೇಲೆಯೇ ಬಿಚ್ಚಬೇಕೆಂಬ ನಿಯಮ ಸೇರಿತು. ಬಿಳಿ ಡಬ್ಬಿ ಮೂಲೆಯಿಂದ ಪ್ರತಿ ಕುರ್ಚಿಯ ಬಲಗೈ ಬದಿಗೆ ಬಂತು. ಮಾರ್ಚಿನಲ್ಲಿ ಪರವಾನಗಿ ನವೀಕರಣಕ್ಕೆ ಅರ್ಜಿ ಹಾಕುವಾಗ ಯಾರೂ ಕೇಳದಿದ್ದರೂ ಆಟೋಕ್ಲೇವಿನ ಬೀಜಕ ಪರೀಕ್ಷೆಯ ಪುಸ್ತಕ, ಇಂಕಿನ ಬ್ಯಾಚ್ ಪುಸ್ತಕ, ಸೂಜಿ ಒಯ್ದ ರಸೀದಿಗಳು ಮತ್ತು ಈ ಅವಘಡದ ಪುಟ, ಇವುಗಳ ಪ್ರತಿಗಳನ್ನು ಲಗತ್ತಿಸಿದೆವು. ಎರಡನೆಯ ತಂಡಕ್ಕೆ ಏಳು ಅರ್ಜಿಗಳು ಬಂದಿವೆ. ಲಸಿಕೆಯ ಚೀಟಿ ತೋರಿಸದ ಇಬ್ಬರ ಪ್ರವೇಶವನ್ನು ಅರ್ಜಿದಾರರು ತಡೆಹಿಡಿದಿದ್ದಾರೆ.